ಶ್ರೀರಂಗಪಟ್ಟಣದ ಆನೆ ಕಾಸು

ಹೊಸ ಹೆದ್ದಾರಿ ಆದ ಮೇಲೆ ಶ್ರೀರಂಗಪಟ್ಟಣ ಬೈಪಾಸ್‌ನ ಆಚೆ ಉಳಿದುಬಿಟ್ಟಿದೆ. ಬೇಕು ಅಂತಲೇ ಇಳಿದು ಹೋಗಬೇಕು. ಹೋದ ವರ್ಷ ಬೋನಸ್ ಬಂದ ವಾರ ನಾನು ಹಾಗೆ ಇಳಿದು ಹೋದೆ. ದರಿಯಾ ದೌಲತ್ ನೋಡಿಕೊಂಡು ಹೊರಗೆ ಬಂದರೆ, ರಸ್ತೆ ಬದಿಯಲ್ಲಿ ಒಬ್ಬ ಕರ್ಚೀಫ್ ಬಿಚ್ಚಿ ತೋರಿಸಿದ. ಹಸಿರು ಹಿಡಿದ ಕಾಸು, ಮೇಲೆ ಆನೆ. ‘ಟಿಪ್ಪು ಕಾಲದ್ದು ಸಾರ್, ಹೊಲ ಉಳುವಾಗ ಸಿಕ್ಕಿದ್ದು. ಮೂರು ಸಾವಿರ.’ ಒಂದೂವರೆ ಸಾವಿರಕ್ಕೆ ಇಳಿಸಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಇದು ಎಷ್ಟಾಗಬಹುದು ಅಂತ ಲೆಕ್ಕ ಹಾಕುತ್ತಲೇ ಬೆಂಗಳೂರು ಸೇರಿದೆ. ಉಳಿದ ಬೋನಸ್ಸನ್ನೂ ನಾಣ್ಯಕ್ಕೇ ಹಾಕೋದು ಅಂತ ಮನಸ್ಸಲ್ಲಿ ನಿರ್ಧಾರ ಆಗಿಹೋಗಿತ್ತು.

ಪಾಂಡವಪುರದಲ್ಲಿರುವ ನನ್ನ ಸೋದರಮಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಮೂವತ್ತು ವರ್ಷದಿಂದ ನಾಣ್ಯ ಕೂಡಿಡುತ್ತಾರೆ. ಅವರಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ. ‘ಇನ್ನೇನೂ ತಗೋಬೇಡ. ಭಾನುವಾರ ಬಾ’ ಅಂತಷ್ಟೇ ಉತ್ತರ ಬಂತು.

ಭಾನುವಾರ ಮಾವ ನನ್ನನ್ನು ಸೀದಾ ಅದೇ ಜಾಗಕ್ಕೆ ಕರಕೊಂಡು ಹೋದರು. ಆತ ಅಲ್ಲೇ ಇದ್ದ. ಮಾವ ಕುಕ್ಕರಗಾಲಲ್ಲಿ ಕೂತು ಕರ್ಚೀಫಿನಲ್ಲಿದ್ದ ಕಾಸನ್ನೆಲ್ಲ ಒಂದೊಂದಾಗಿ ತಿರುಗಿಸಿ, ಮೂರನ್ನು ಬೇರೆ ಮಾಡಿ, ನನ್ನದನ್ನೂ ಪಕ್ಕದಲ್ಲಿ ಇಟ್ಟರು. ‘ಆನೆ ಬಾಲ ನೋಡು.’ ನಾಲ್ಕರಲ್ಲೂ ಬಾಲದ ಬುಡದಲ್ಲಿ ಒಂದೇ ಕಚ್ಚು, ಒಂದೇ ಕಡೆ, ಒಂದೇ ಅಳತೆ. ‘ಸುತ್ತಿಗೆ ಏಟಲ್ಲಿ ಮಾಡಿದ ಕಾಸು ಒಂದರ ಹಂಗೆ ಇನ್ನೊಂದು ಇರಕ್ಕಿಲ್ಲ ಕಣೋ. ಅಚ್ಚು ಒಂದು ಕಡೆ ಜಾರಿರುತ್ತೆ, ಅಂಚು ಒಡೆದಿರುತ್ತೆ. ಇವು ನಾಲ್ಕೂ ಒಂದೇ ಎರಕದ ಮಕ್ಕಳು.’ ಆತನ ಜತೆ ಜಗಳಾನೂ ಆಡಲಿಲ್ಲ. ಎದ್ದು ಪಂಚೆ ಕೊಡವಿಕೊಂಡು ನಡೆದರು.

ದಾರಿಯಲ್ಲಿ ಇನ್ನೊಂದು ಹೇಳಿದರು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಅಂದರೆ ‘ಹೊಲದಲ್ಲಿ ಸಿಕ್ಕಿದ್ದು’ ಅನ್ನೋ ಮಾತು ನಿಜವಾದರೆ ಕೊಳ್ಳೋದು ತೊಂದರೆ, ಸುಳ್ಳಾದರೆ ಮಾಲೇ ಸುಳ್ಳು. ಎರಡೂ ಕಡೆ ನನಗೇ ನಷ್ಟ!

ಟಿಕೆಟ್ ತಗೊಂಡು ಮತ್ತೆ ಒಳಗೆ ಹೋದೆವು. 1784ರಲ್ಲಿ ಕಟ್ಟಿಸಿದ ಆ ತೇಗದ ಮರದ ಅರಮನೆಯಲ್ಲಿ ಈಗ ಮ್ಯೂಸಿಯಂ ಇದೆ. ಹೋದ ಸಲ ಗೋಡೆಯ ಚಿತ್ರದ ಮುಂದೆ ಸೆಲ್ಫಿ ತಗೊಂಡು ಬಂದಿದ್ದೆ ಅಷ್ಟೆ. ಮಾವ ಟಿಪ್ಪು ನಾಣ್ಯಗಳ ಕಥೆ ಬಿಚ್ಚಿದರು. 1782ರಿಂದ 1799, ಹದಿನೇಳು ವರ್ಷದ ಆಳ್ವಿಕೆಯಲ್ಲಿ ಹತ್ತಕ್ಕೂ ಹೆಚ್ಚು ಟಂಕಸಾಲೆ. ಇಲ್ಲಿ ಹೊಡೆದದ್ದರ ಮೇಲೆ ಪಾರಸಿ ಲಿಪಿಯಲ್ಲಿ ‘ಪಟ್ಟನ್’ ಅಂತ ಇರುತ್ತೆ. ಚಿತ್ರದುರ್ಗದ್ದಕ್ಕೆ ‘ಫರ‍್ರುಖ್‌ಯಾಬ್ ಹಿಸಾರ್’ ಅಂತ ಬೇರೆಯದೇ ಹೆಸರು. ಪೈಸೆಗೆ ‘ಜೊಹ್ರಾ’, ಅರ್ಧ ಪೈಸೆಗೆ ‘ಬಹ್ರಾಮ್’, ಅಂದರೆ ಶುಕ್ರ, ಮಂಗಳ. ಆಳ್ವಿಕೆಯ ನಡುವೆ ಮೌಲೂದಿ ಅನ್ನೋ ಹೊಸ ಶಕೆ ತಂದ ಮೇಲೆ ಇಸವಿಯ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1218 ಅನ್ನೋದು 8121ರ ಹಾಗೆ ಕಾಣುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ ಇದೆ, ಆದರೆ ಅದರ ಮೇಲೆ ಸೂರ್ಯ ಚಂದ್ರ. ಆನೆ ಕಂಡ ಕೂಡಲೇ ಟಿಪ್ಪು ಅಂದುಬಿಡೋದು ನನ್ನಂಥವರ ಮೊದಲ ತಪ್ಪಂತೆ.

ಊಟಕ್ಕೆ ಮಾವನ ಮನೆಗೆ ಹೋದೆವು. ಮುದ್ದೆ, ಬಸ್ಸಾರು ಆದ ಮೇಲೆ ತಕ್ಕಡಿ ಬಂತು. ಟಿಪ್ಪು ಪೈಸೆ ಸುಮಾರು 11 ಗ್ರಾಂ ಇರಬೇಕು. ನನ್ನದು ಒಂಬತ್ತೂ ದಾಟಲಿಲ್ಲ.

‘ಹಳೇದು ಅಂದ ಮಾತ್ರಕ್ಕೆ ಬೆಲೆ ಇಲ್ಲ’ ಅಂತ ಮಾವ ವಿಜಯನಗರದ ತಾಮ್ರದ ಕಾಸೊಂದನ್ನು ಅಂಗೈ ಮೇಲಿಟ್ಟರು. ಐನೂರು ವರ್ಷದ್ದು, ಆದರೂ ಸಾಧಾರಣ ಸ್ಥಿತಿಯದು ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಯಾಕೆಂದರೆ ಬೇಕಾದಷ್ಟು ಉಳಿದಿವೆ. ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿಗೆ ಇನ್ನೂ ನೂರು ವರ್ಷವೂ ಆಗಿಲ್ಲ, ಅದಕ್ಕೆ ಸಂಗ್ರಾಹಕರು ಮುಗಿಬೀಳುತ್ತಾರೆ. ಅದಕ್ಕೇ ಅದರ ನಕಲೂ ಜಾಸ್ತಿ. ಎಷ್ಟು ಉಳಿದಿದೆ, ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೇ ಬೆಲೆ.

ಸ್ಥಿತಿ ಅಂದರೇನು ಅಂತ ತೋರಿಸಿದ್ದು ಅಜ್ಜಿ. ಪಾಪ, ಅವಳಿಗೆ ಗೊತ್ತಿಲ್ಲದೆ. ಲಕ್ಷ್ಮಿ ಪೂಜೆಗೆ ಇಡುವ ಏಳು ಬೆಳ್ಳಿ ರೂಪಾಯಿಯ ಡಬ್ಬಿ ತಂದು ‘ಇದ್ರಲ್ಲಿ ನಿಂಗೊಂದು, ನಿನ್ ತಂಗಿಗೊಂದು’ ಅಂದಳು. ಒಂದರ ಮೇಲೆ 1911 ಅಂತ ಇತ್ತು. ಮಾವನೇ ಒಂದು ಕ್ಷಣ ಸುಮ್ಮನಾದರು. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಟ ಮೊದಲ ರೂಪಾಯಿ ಅದು. ರಾಜನ ನಿಲುವಂಗಿಯ ಮೇಲಿನ ಪುಟಾಣಿ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಗಲಾಟೆಯಾಗಿ, ಅದನ್ನು ನಿಲ್ಲಿಸಿ, 1912ರಿಂದ ಆನೆಯನ್ನು ತಿದ್ದಿ ಹೊಡೆದರು. ಹೊರಗೆ ಬಾರದೆ ಉಳಿದಿದ್ದ ರಾಶಿಯನ್ನು ಕರಗಿಸಿದರು. ಹಾಗಾಗಿ ‘ಹಂದಿ ರೂಪಾಯಿ’ಗೆ ಬೇಡಿಕೆ.

ಆದರೆ ಅಜ್ಜಿ ಅದನ್ನು ಪ್ರತಿ ದೀಪಾವಳಿಗೂ ಹುಣಸೆಹಣ್ಣು ಹಾಕಿ ಉಜ್ಜಿದ್ದಾಳೆ. ಅರವತ್ತು ವರ್ಷ. ಹಂದಿಯೂ ಇಲ್ಲ, ಆನೆಯೂ ಇಲ್ಲ, ನಿಲುವಂಗಿಯೆಲ್ಲ ನುಣ್ಣಗೆ ಕನ್ನಡಿ. ಸಂಗ್ರಾಹಕರು ಇಂಥದ್ದಕ್ಕೆ ಹೆಚ್ಚಿಗೆ ಕೊಡುವುದಿಲ್ಲ. ಹಳೇ ನಾಣ್ಯದ ಮೇಲಿನ ಕಪ್ಪು ಛಾಯೆ ಕೊಳೆಯಲ್ಲ, ಅದೇ ಅದರ ವಯಸ್ಸಿನ ಸಾಕ್ಷಿ. ನಾನು ತಡೆಯಲಾಗದೆ ಹೇಳಿಯೇಬಿಟ್ಟೆ. ಅಜ್ಜಿ ನನ್ನ ಮುಖ ನೋಡಿದಳು. ‘ಲಕ್ಷ್ಮಿನ ಕೊಳೆ ಮಾಡಿ ಇಡಕ್ಕಾಯ್ತದಾ?’

ಹಾಗಂತ ಅದು ಪೂರ್ತಿ ದಂಡವೂ ಅಲ್ಲ. ಆ ಕಾಲದ ರೂಪಾಯಿ 11.66 ಗ್ರಾಂ, ಅದರಲ್ಲಿ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿ. ಎಷ್ಟು ಉಜ್ಜಿದರೂ ಬೆಳ್ಳಿಯ ಬೆಲೆ ಇದ್ದೇ ಇದೆ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ಹೊಸದಾಗಿ ಶುರು ಮಾಡುವವರು ಅದಕ್ಕೂ ಹಿಂದಿನ ಒಳ್ಳೆ ಸ್ಥಿತಿಯ ರೂಪಾಯಿ ಕೊಂಡರೆ, ನಾಣ್ಯದ ಆಟದಲ್ಲಿ ಸೋತರೂ ಲೋಹ ಕೈಯಲ್ಲಿ ಉಳಿಯುತ್ತೆ ಅನ್ನೋದು ಮಾವನ ಲೆಕ್ಕ. ಹಳೇ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ ಅಂತ ಫೋನಿಗೆ ಬರುವ ಜಾಹೀರಾತಿನ ಬಗ್ಗೆ ಕೇಳಿದ್ದಕ್ಕೆ ನಕ್ಕರು. ಇಂಥ ವ್ಯವಹಾರಕ್ಕೂ ನಮಗೂ ಸಂಬಂಧವಿಲ್ಲ ಅಂತ 2021ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ.

ಆಮೇಲೆ ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನಕ್ಕೆ ಹೋದೆ. ಮಾವ ಹೇಳಿಕೊಟ್ಟ ಒಂದೇ ಪ್ರಶ್ನೆಯನ್ನು ಎಲ್ಲ ಟೇಬಲ್ಲಿನಲ್ಲೂ ಕೇಳಿದೆ: ‘ಇದನ್ನೇ ನಾಳೆ ವಾಪಸ್ ತಂದರೆ ಎಷ್ಟು ಕೊಡ್ತೀರಾ?’ ಇಬ್ಬರು ನಕ್ಕರು, ಒಬ್ಬರು ಫೋನ್ ನೋಡತೊಡಗಿದರು. ನಾಲ್ಕನೆಯವರು ಮಾತ್ರ ‘ಕಾಲು ಭಾಗ ಕಮ್ಮಿ’ ಅಂದು ಬಿಲ್ ಪುಸ್ತಕ ಎಳೆದುಕೊಂಡರು. ಅಂದರೆ ಕೊಂಡ ದಿನವೇ ನೂರಕ್ಕೆ ಇಪ್ಪತ್ತೈದು ನಷ್ಟ. ಅದು ತುಂಬಲು ವರ್ಷಗಳೇ ಬೇಕು. ಹರಾಜಿನಲ್ಲಾದರೆ ಕಮಿಷನ್, ತೆರಿಗೆ ಬೇರೆ. ಅವರಲ್ಲೇ ಛಾಯೆ ಹಾಗೇ ಇದ್ದ 1912ರ ರೂಪಾಯಿ ಎರಡು, ಪಟ್ಟನ್ ಟಂಕಸಾಲೆಯ ಪೈಸೆ ಒಂದು ಕೊಂಡೆ. ಬೋನಸ್ಸಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಉಳಿದದ್ದು ಎಂದಿನ ಹಾಗೆ ಪಿಪಿಎಫ್‌ಗೆ. ಅಮೆರಿಕದಲ್ಲಿರುವ ಅಣ್ಣ ‘ನಂಗೂ ಒಂದು ಕಳ್ಸೋ’ ಅಂದ. ಆಗಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತೆ.

ಈ ದೀಪಾವಳಿಗೆ ಪಾಂಡವಪುರಕ್ಕೆ ಹೋದಾಗ ಅಜ್ಜಿ ಹುಣಸೆಹಣ್ಣು ನೆನೆಸಿ ಕೂತಿದ್ದಳು. ‘ನೀನು ತಕ್ಕಂಡಿರೋವ್ನೂ ಕೊಡು, ತೊಳೆದು ಕೊಡ್ತೀನಿ.’ ಜೇಬಿನಲ್ಲಿದ್ದ ಒಂದೂವರೆ ಸಾವಿರದ ಆನೆಯನ್ನು ಕೊಟ್ಟೆ. ಎರಡು ಸಲ ಉಜ್ಜುವಷ್ಟರಲ್ಲಿ ಹಸಿರೆಲ್ಲ ಬಿಟ್ಟುಕೊಂಡು ಹಿತ್ತಾಳೆ ಹಳದಿ ಬಂತು. ಅಜ್ಜಿಗೆ ಬಲು ಖುಷಿ. ಅದನ್ನೂ ಏಳು ರೂಪಾಯಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದಳು.