ಚೆನ್ನಮ್ಮನ ಮುಖ ಯಾರದು?

ಬೈಲಹೊಂಗಲಕ್ಕೆ ಹೋದಾಗಲೆಲ್ಲ ಚಿಗವ್ವನನ್ನು ರಾಣಿ ಚೆನ್ನಮ್ಮನ ಸಮಾಧಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಆಕೆ ಹೂ ಏರಿಸಿ, ಕೈಮುಗಿದು, ಕಣ್ಣು ಮುಚ್ಚಿ ನಿಂತುಬಿಡುತ್ತಾಳೆ. ನಾನು ಚಪ್ಪಲಿ ಕಾಯುತ್ತೇನೆ. ಒಮ್ಮೆ ಸುಮ್ಮನಿರಲಾರದೆ ಕೇಳಿದೆ:

"ಚಿಗವ್ವಾ, ಕಣ್ಣ ಮುಚ್ಚಿದಾಗ ಚೆನ್ನಮ್ಮ ಹೆಂಗ ಕಾಣಸ್ತಾಳ ನಿನಗ?"

"ಹೆಂಗಂದ್ರ? ಸರೋಜಾದೇವಿ ಇದ್ದಂಗ!"

ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ನಾನೂ ಕಣ್ಣು ಮುಚ್ಚಿ ನೋಡಿದೆ. ನನಗೂ ಸರೋಜಾದೇವಿಯೇ ಬಂದರು. ಆಮೇಲೆ ನಗು ಬರಲಿಲ್ಲ.

ತಪ್ಪು ಚಿಗವ್ವನದಲ್ಲ. ಕಿತ್ತೂರಿನ ಕೋಟೆ ಮುಂದೆ ಕಂಪನಿ ಸರಕಾರದ ದಂಡು ಸೋತದ್ದು 1824ರ ಅಕ್ಟೋಬರ್ 23ರಂದು. ಬೈಲಹೊಂಗಲದ ಸೆರೆಯಲ್ಲಿ ರಾಣಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಫೋಟೋ ತೆಗೆಯುವ ವಿದ್ಯೆ ಆಗಿನ್ನೂ ಲೋಕದ ಬಳಕೆಗೇ ಬಂದಿರಲಿಲ್ಲ. ಮುಂದೆ 1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ಚಿತ್ರ ಮಾಡಿದರು. ರಾಣಿಯ ಗಂಡ ಮಲ್ಲಸರ್ಜ ದೇಸಾಯಿಯಾಗಿ ರಾಜಕುಮಾರ್, ರಾಣಿಯಾಗಿ ಬಿ. ಸರೋಜಾದೇವಿ. ನೂರಾ ಮೂವತ್ತು ವರ್ಷ ಫೋಟೋ ಇಲ್ಲದೆ ಲಾವಣಿಯಲ್ಲಿ ಬದುಕಿದ್ದ ರಾಣಿಗೆ ಬೆಂಗಳೂರಿನ ಇಪ್ಪತ್ತಮೂರರ ಹುಡುಗಿಯೊಬ್ಬಳು ತನ್ನ ಮುಖ ಕೊಟ್ಟಳು. ಎರವಲು ಕೊಟ್ಟದ್ದು, ನಾವು ಇನ್ನೂ ತಿರುಗಿ ಕೊಟ್ಟಿಲ್ಲ. 1955ರ 'ಮಹಾಕವಿ ಕಾಳಿದಾಸ'ದಿಂದ ಹೊರಟ ಆಕೆ ತಮಿಳು, ತೆಲುಗು, ಹಿಂದಿಯಲ್ಲೆಲ್ಲ ಮೆರೆದು ಪದ್ಮಭೂಷಣರಾದರು, ನಿಜ. ನಮ್ಮ ಕಡೆ ಅದನ್ನೆಲ್ಲ ಯಾರು ಕೇಳುತ್ತಾರೆ? 2025ರ ಜುಲೈ 14ರಂದು ಟಿವಿಯಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದಾಗ ಚಿಗವ್ವ ಅಂದದ್ದು ಒಂದೇ ಮಾತು: "ನಮ್ಮ ಚೆನ್ನವ್ವ ಹೋದಳಪಾ."

ಸಿನಿಮಾ ಬಂದದ್ದು ಈಚೆಗಾಯಿತು. ಅದಕ್ಕೂ ಮುಂಚೆ ಈ ಕಡೆ ರಾಣಿಯರಿಗೆ ಮುಖ ಕೊಟ್ಟವರು ಗಂಡಸರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡಿದವರೇ. ಮುಂದೆ ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಹೆಸರಾದರು; 1947ರಲ್ಲಿ ಕಲಾವೈಭವ ನಾಟ್ಯಸಂಘ ಕಟ್ಟಿದರು; ನೂರಾ ಮೂರು ವರ್ಷ ಬಾಳಿ 2017ರಲ್ಲಿ ಹೋದರು. ಬಾಳಪ್ಪನವರ ಮಡದಿ ಲಕ್ಷ್ಮೀಬಾಯಿಯವರಂಥ ಹೆಣ್ಣುಮಕ್ಕಳು ಬಣ್ಣ ಹಚ್ಚಿ ನಿಂತ ಮೇಲೆ ಗಂಡಸರ ಸೆರಗು ಜಾರಿತು.

ಇಂಗ್ಲೆಂಡಿನ ಕತೆ ಇದಕ್ಕೆ ತಿರುಗಾಮುರುಗಾ. ಅಲ್ಲಿನ ಎಲೆನ್ ಟೆರ್‍ರಿ ಎಂಬಾಕೆ ಒಂಬತ್ತು ವರ್ಷದ ಹುಡುಗಿಯಾಗಿ 1856ರಲ್ಲಿ ರಂಗಕ್ಕೆ ಬಂದದ್ದು ಹುಡುಗನ ವೇಷದಲ್ಲಿ. ಷೇಕ್ಸ್‌ಪಿಯರನ ನಾಟಕದಲ್ಲಿ ಒಬ್ಬ ಪುಟ್ಟ ರಾಜಕುಮಾರ. ಅಲ್ಲಿಂದ ಅರವತ್ತು ವರ್ಷ ದಾಟಿ 1916ರಲ್ಲಿ ಮೂಕಿ ಚಿತ್ರಕ್ಕೂ ಕಾಲಿಟ್ಟಳು. 1888ರಲ್ಲಿ ಆಕೆ ಲೇಡಿ ಮ್ಯಾಕ್‌ಬೆತ್ ಆದಾಗ ತೊಟ್ಟ ಹಸಿರು ನಿಲುವಂಗಿಗೆ ಸಾವಿರದಷ್ಟು ಜೀರ್ಜಿಂಬೆ ರೆಕ್ಕೆ ಹೊಲಿದಿದ್ದರಂತೆ. ಹೌದು, ನಾವು ಚಿಕ್ಕವರಿದ್ದಾಗ ಜಾಲಿ ಗಿಡದಲ್ಲಿ ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿ ಎಲೆ ಹಾಕಿ ಸಾಕುತ್ತಿದ್ದ ಜೀರ್ಜಿಂಬೆಯ ಕುಲದ್ದೇ! ನಮಗೆ ಒಂದು ಸಿಕ್ಕರೆ ಶಾಲೆ ತುಂಬ ಮೆರೆಯುತ್ತಿದ್ದೆವು; ಆಕೆ ಸಾವಿರ ಹೊತ್ತು ನಿಂತಳು. ಸಾರ್ಜೆಂಟ್ ಎಂಬ ಚಿತ್ರಕಾರ ಮರುವರ್ಷ ಆ ವೇಷದಲ್ಲೇ ಆಕೆಯ ಚಿತ್ರ ಬರೆದ. ಆ ನಿಲುವಂಗಿಯನ್ನೂ ಕೆಂಟ್ ಸೀಮೆಯ ಆಕೆಯ ಮನೆಯಲ್ಲಿ ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ.

ನಮ್ಮ ಕಡೆಯ ಗಂಗೆಯ ಸೀರೆ ಎಲ್ಲಿದೆ?

ಗಂಗೆ ಗೊತ್ತಲ್ಲ? ಸಂಗ್ಯಾ ಬಾಳ್ಯಾ ಸಣ್ಣಾಟದ ಗಂಗೆ. ಆ ಕತೆ ಇದೇ ಬೈಲಹೊಂಗಲದಲ್ಲಿ ನಡೆದದ್ದು ಎಂಬುದು ಊರೆಲ್ಲ ಬಲ್ಲ ಮಾತು. ಆಕೆಯ ಮೇಲೆ ಸಂಗ್ಯಾನ ಕಣ್ಣು ಬಿದ್ದು, ಗಂಡ ಈರಣ್ಣ ವ್ಯಾಪಾರಕ್ಕೆ ಹೋದಾಗ ಪಾರಮ್ಮ ಎಂಬ ಮುದುಕಿ ನಡುವೆ ಬಂದು, ಕೊನೆಗೆ ಗೆಳೆಯ ಬಾಳ್ಯಾನೇ ಸಂಗ್ಯಾನನ್ನು ಸಾವಿನ ಬಾಯಿಗೆ ಒಯ್ಯುವ ಕತೆ. ರಾಮದುರ್ಗದ ಕಡೆಯ ಹಳ್ಳಿಯೊಂದರಲ್ಲಿ ನಾನು ಕಂಡ ಆಟ ನೆನಪಿದೆ. ಗಂಗೆಯ ಪಾತ್ರದಾಕೆ ಬೇರೆ ಊರಿನಿಂದ ಬಂದಿದ್ದಳು. ಟ್ರಂಕಿನ ಮುಚ್ಚಳಕ್ಕೆ ಕನ್ನಡಿ ಒರಗಿಸಿ, ಹಲ್ಲಲ್ಲಿ ಪಿನ್ನು ಕಚ್ಚಿಕೊಂಡು, ಚಮಕಿ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂಸು ಮಲಗಿತ್ತು. ನಡುರಾತ್ರಿ ಆಕೆ ದನಿ ಎತ್ತಿದಾಗ ಬೀಡಿ ಸೇದುವವರೂ ಬೀಡಿ ಮರೆತರು. ಬೆಳಗಾಗುವ ಹೊತ್ತಿಗೆ ಮುದುಕಿಯೊಬ್ಬಳು ಆಕೆಯ ಮುಖಕ್ಕೇ "ಎಂಥಾ ಹೆಂಗಸ ನೀ!" ಎಂದು ಬೈದಳು. ಆಕೆ ನಕ್ಕಳು. ನಟಿಗೆ ಅದಕ್ಕಿಂತ ದೊಡ್ಡ ಸನ್ಮಾನ ಏನಿದೆ? ಆದರೆ ಚಹಾ ಕುಡಿಯುವಾಗ ಗಂಡಸರೆಲ್ಲ ಕಟ್ಟೆಯ ಮೇಲೆ, ಆಕೆ ಟ್ರಂಕಿನ ಮೇಲೆ. ಬಸ್ಸು ಬಂತು, ಹೋದಳು. ಹೆಸರು ಕೇಳಲಿಲ್ಲ. ನಾನಷ್ಟೇ ಅಲ್ಲ, ಯಾರೂ ಕೇಳಲಿಲ್ಲ.

ಹೆಸರು ಉಳಿದವರೂ ಇದ್ದಾರೆ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತ ಆಡಿ ಆಡಿ, ಊರಿನ ಹೆಸರೇ ತನ್ನ ಹೆಸರಿಗೆ ಆಭರಣವಾಗುವಂತೆ ಮಾಡಿದಾಕೆ. ಆದರೆ ಒಬ್ಬ ನಿಂಗಮ್ಮನ ಹಿಂದೆ ಎಷ್ಟು ಗಂಗೆಯರು, ಪಾರಿಜಾತದ ಎಷ್ಟು ಭಾಮೆಯರು? ವಿಚಿತ್ರ ನೋಡಿ: ಫೋಟೋ ಇಲ್ಲದ ರಾಣಿಗೆ ನಾವು ನಟಿಯ ಮುಖ ಹುಡುಕಿಕೊಂಡೆವು. ಕಣ್ಣೆದುರೇ ಕುಣಿದು ಹೋದ ನಟಿಯರ ಮುಖ ಕಳೆದುಕೊಂಡೆವು.

ಅದಕ್ಕೇ ಒಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ನಾಟಕದ ಹ್ಯಾಂಡ್‌ಬಿಲ್ಲು, ಜಾತ್ರೆಯಲ್ಲಿ ತೆಗೆಸಿದ ಫೋಟೋ ಏನಾದರೂ ಇದ್ದರೆ ರದ್ದಿಯವನಿಗೆ ಕೊಡುವ ಮುಂಚೆ ಒಮ್ಮೆ ನೋಡಿ. ವೇಷದಲ್ಲಿ ನಿಂತಾಕೆ ಯಾರೆಂದು ಮನೆಯ ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರನ್ನು ಹಿಂದುಗಡೆ ಪೆನ್ಸಿಲ್ಲಿನಲ್ಲಾದರೂ ಬರೆದಿಡಿ.