ಕೇಳುವವರಿದ್ದರೆ ನೆನಪು ಉಳಿಯುತ್ತದೆ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮೊಹಲ್ಲಾದ ಮನೆಗಳಲ್ಲಿ ಬಾದಾಮಿ ನೆನೆಸುವುದು ಶುರುವಾಗುತ್ತದೆ. ರಾತ್ರಿ ನಾಲ್ಕೈದು ಬಾದಾಮಿಯನ್ನು ನೀರಿಗೆ ಹಾಕಿಟ್ಟು, ಬೆಳಿಗ್ಗೆ ಸಿಪ್ಪೆ ಸುಲಿದು ಓದುವ ಮಗುವಿನ ಕೈಗೆ ಕೊಡುತ್ತಾರೆ. ಬಾದಾಮಿಯ ಬೆಲೆ ಎಟುಕದವರು ಒಂದೆಲಗದ ಚಟ್ನಿ ಅರೆಯುತ್ತಾರೆ. ಮೆಡಿಕಲ್ ಸ್ಟೋರಿನಿಂದ ಜ್ಞಾಪಕಶಕ್ತಿಯ ಸಿರಪ್ ತರುವವರಿದ್ದಾರೆ, ನೀರಿಗೆ ದಮ್ ಮಾಡಿಸಿ ಕುಡಿಸುವವರಿದ್ದಾರೆ. ಇದರ ಹಿಂದಿರುವ ಅಕ್ಕರೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮಗು ಏನು ತಿನ್ನುತ್ತಿದೆ ಎಂದು ನೋಡುವಷ್ಟು ಜನ, ಅದು ಹೇಗೆ ಓದುತ್ತಿದೆ ಎಂದು ನೋಡುವುದಿಲ್ಲ. ಫಲಿತಾಂಶ ಬಂದ ಮೇಲೆ ‘ಇದರ ತಲೆಗೆ ಹತ್ತುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ಓದು ಮುಗಿದುಹೋಗುತ್ತದೆ.

ನಮ್ಮೂರು ದಾವಣಗೆರೆ. ಇಲ್ಲಿಯ ಮಂಡಕ್ಕಿ ಭಟ್ಟಿಯೊಂದರಲ್ಲಿ ದುಡಿಯುವ ಹೆಂಗಸು 2024ರ ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಎರಡರಲ್ಲೂ ಫೇಲಾಗಿದ್ದಳು.

“ಇಸ್‌ಕು ಕುಛ್ ಯಾದಿಚ್ ನೈ ರೈತಾ ಆಪಾ,” ಎಂದರು ತಾಯಿ. ಇವಳಿಗೆ ಏನೂ ನೆನಪೇ ಉಳಿಯುವುದಿಲ್ಲ. “ರಾತ್ರಿ ಹನ್ನೊಂದರವರೆಗೂ ಓದ್ತಾಳೆ. ಪುಸ್ತಕ ಹಿಡಿದೇ ನಿದ್ದೆ ಹೋಗ್ತಾಳೆ. ಪರೀಕ್ಷೇಲಿ ಕೂತರೆ ಎಲ್ಲ ಮರೆತುಹೋಗುತ್ತಂತೆ. ಇವರ ಅಬ್ಬಾ ಹೊಲಿಗೆ ಮಷೀನಿಗೆ ಕೂರಿಸು ಅಂತಾರೆ. ನೀವು ಓದಿದವರು, ಯಾವುದಾದರೂ ಒಳ್ಳೆ ಮಾತ್ರೆ ಇದ್ದರೆ ಹೇಳಿ.”

ಹುಡುಗಿ ದುಪಟ್ಟಾದ ತುದಿ ಸುತ್ತುತ್ತ ಕೂತಿದ್ದಳು. ಅವಳೊಡನೆ ಅದೂ ಇದೂ ಮಾತಾಡುತ್ತಿದ್ದಾಗ ಒಂದು ಸಂಗತಿ ತಿಳಿಯಿತು. ಭಟ್ಟಿಯಿಂದ ಯಾವ ಅಂಗಡಿಗೆ ಎಷ್ಟು ಚೀಲ ಮಂಡಕ್ಕಿ ಹೋಗಿದೆ, ಯಾರು ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆ ಎಂಬ ಲೆಕ್ಕವೆಲ್ಲ ಅವಳ ಬಾಯಲ್ಲೇ ಇತ್ತು. ಹಿಂದಿನ ವಾರದ್ದನ್ನೂ ತಡವರಿಸದೆ ಹೇಳಿದಳು. ‘ನಿನಗಿದು ಹೇಗೆ ನೆನಪಿದೆ?’ ಎಂದೆ. ‘ಸಂಜೆ ಸಾಹುಕಾರರು ಅಮ್ಮನನ್ನ ಕೇಳ್ತಾರೆ, ಅಮ್ಮ ನನ್ನನ್ನ ಕೇಳ್ತಾಳೆ’ ಎಂದಳು. ಅವಳಿಗೆ ಬೇಕಿದ್ದ ಔಷಧ ಆ ಉತ್ತರದಲ್ಲೇ ಇತ್ತು. ಮಂಡಕ್ಕಿಯ ಲೆಕ್ಕವನ್ನು ದಿನಾ ಯಾರೋ ಕೇಳುತ್ತಿದ್ದರು, ವಿಜ್ಞಾನದ ಪಾಠವನ್ನು ಯಾರೂ ಕೇಳುತ್ತಿರಲಿಲ್ಲ.

ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ಓದಿದ್ದು ಉಳಿಯಲು ಈ ಎರಡು ಅರ್ಥದ ಕೇಳುವಿಕೆಯೂ ಬೇಕು. ಇದನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲೇ. ನನ್ನ ತಮ್ಮ ಹಿಫ್ಜ್ ಮಾಡುತ್ತಿದ್ದ. ಮದ್ರಸಾದಲ್ಲಿ ಕುರ್‌ಆನ್ ಕಂಠಪಾಠ ಮಾಡಿಸುವ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ದಿನದ ಓದಿಗೆ ಮೂರು ಪಾಲು. ಹೊಸದಾಗಿ ಕಲಿಯುವುದು ಸಬಕ್. ಈಚೆಗೆ ಕಲಿತದ್ದನ್ನು ಒಪ್ಪಿಸುವುದು ಸಬಕ್ ಪಾರಾ. ತಿಂಗಳು, ವರ್ಷಗಳ ಹಿಂದೆ ಕಲಿತದ್ದನ್ನು ಸರದಿಯಂತೆ ಒಪ್ಪಿಸುವುದು ಆಮೋಖ್ತಾ. ಹೊಸ ಸಬಕ್ ಕೆಲವೇ ಸಾಲು, ಆಮೋಖ್ತಾ ಮಾತ್ರ ಪುಟಗಟ್ಟಲೆ. ಹಳೆಯದು ಸಡಿಲವಾಗಿದ್ದರೆ ಉಸ್ತಾದರು ಹೊಸದನ್ನು ನಿಲ್ಲಿಸಿಬಿಡುತ್ತಿದ್ದರು. ಆರು ಸಾವಿರಕ್ಕೂ ಹೆಚ್ಚು ಆಯತ್‌ಗಳು ಹನ್ನೆರಡು ಹದಿಮೂರರ ಹುಡುಗರ ಎದೆಯಲ್ಲಿ ನಿಲ್ಲುವುದು ಈ ಕ್ರಮದಿಂದ. ಆ ಹುಡುಗರೆಲ್ಲ ಹುಟ್ಟಾ ಪ್ರತಿಭಾವಂತರೇನಲ್ಲ.

ಮಗ್ರಿಬ್ ನಂತರ ತಮ್ಮ ಕಣ್ಣು ಮುಚ್ಚಿ ಓದುತ್ತಿದ್ದ, ನಾನು ಕುರ್‌ಆನ್ ತೆರೆದಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದೆ. ಅವನು ತಪ್ಪಿದರೆ ಕೂಡಲೇ ಹೇಳಿಕೊಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಡುತ್ತಿದ್ದೆ. ಅವನು ತುಟಿ ಕಚ್ಚಿ, ಹಿಂದಿನ ಆಯತ್‌ಗೆ ಹೋಗಿ, ಅಲ್ಲಿಂದ ಓಡಿ ಬಂದು ಹಳ್ಳ ದಾಟುವವನಂತೆ ದಾಟುತ್ತಿದ್ದ. ಹಾಗೆ ತಾನೇ ತಡಕಾಡಿ ಹಿಡಿದ ಜಾಗದಲ್ಲಿ ಅವನು ಮತ್ತೆ ತಪ್ಪಿದ್ದು ಕಡಿಮೆ. ರಮಝಾನಿನ ತರಾವೀಹ್‌ನಲ್ಲಿ ಎಂಥ ಅನುಭವಿ ಹಾಫಿಜರು ಮುಂದೆ ನಿಂತರೂ, ಹಿಂದೆ ಇನ್ನೊಬ್ಬ ಹಾಫಿಜ್ ಕಿವಿಗೊಟ್ಟು ನಿಂತಿರುತ್ತಾರೆ. ಓದುವವರು ತಡವರಿಸಿದರೆ ಲುಕ್ಮಾ ಕೊಡುತ್ತಾರೆ. ಮರೆವನ್ನು ಅಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ. ಮರೆವು ಬರುತ್ತದೆಂದು ಮೊದಲೇ ತಿಳಿದು ಅದಕ್ಕೊಂದು ಏರ್ಪಾಟು ಮಾಡಿಕೊಂಡಿದ್ದಾರೆ.

ವೇದಾಧ್ಯಯನದಲ್ಲೂ ಇಂಥದೇ ಏರ್ಪಾಟು ಇದೆ. ಪದ, ಕ್ರಮ, ಜಟೆ, ಘನ ಎಂಬ ಪಾಠಗಳಲ್ಲಿ ಅದೇ ಪದಗಳನ್ನು ಬಿಡಿಸಿ, ಜೋಡಿಸಿ, ಹಿಂದುಮುಂದು ಮಾಡಿ ಹೇಳುತ್ತಾರೆ. ಒಂದು ಅಕ್ಷರ ಜಾರಿದರೂ ಅಲ್ಲಿ ಗೊತ್ತಾಗುತ್ತದೆ. ಬರೆದಿಡುವುದಕ್ಕಿಂತ ಬಾಯಲ್ಲಿಡುವುದನ್ನೇ ನಂಬಿದ ಜನ, ನೆನಪನ್ನು ಕಾಯುವ ಕೆಲಸವನ್ನು ಒಬ್ಬಂಟಿ ತಲೆಯ ಮೇಲೆ ಬಿಡಲಿಲ್ಲ.

ಶಾಲೆಯ ಓದಿನಲ್ಲಿ ಮಾತ್ರ ಇದು ಸಡಿಲವಾಯಿತು. ನನ್ನ ಉರ್ದು ಶಾಲೆಯಲ್ಲಿ ಸಂಜೆ ಬೆಲ್ಲಿಗೆ ಮುಂಚೆ ಎಲ್ಲರೂ ಸೇರಿ ‘ದೋ ಏಕಮ್ ದೋ, ದೋ ದೂನಿ ಚಾರ್’ ಎಂದು ಪಹಾಡೆ ಹೇಳುತ್ತಿದ್ದೆವು. ಆ ದನಿಯಲ್ಲಿ ಗೊತ್ತಿದ್ದವರೂ ಇದ್ದರು, ಬರೀ ತುಟಿ ಆಡಿಸುವವರೂ ಇದ್ದರು. ಯಾರಿಗೆ ಬರುವುದಿಲ್ಲ ಎಂದು ತಿಳಿಯುತ್ತಿದ್ದುದು ಒಬ್ಬೊಬ್ಬರನ್ನೇ ನಿಲ್ಲಿಸಿ ‘ಸಾತ್ ಅಟ್ಠೇ?’ ಎಂದು ಕೇಳಿದಾಗಲೇ.

ವಿದ್ವಾಂಸರು ಇದನ್ನು ಅಳೆದು ನೋಡಿದ್ದಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಚಿಕ್ಕ ಚಿಕ್ಕ ಪದಾಂಶಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಸಾಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡ ಸಂಗತಿ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿಯುವುದು ಒಂದೇ ಸಲಕ್ಕೆ ತುಂಬಿಕೊಳ್ಳುವುದಕ್ಕಿಂತ ಮೇಲು ಎಂದೂ ಅವರು ತೋರಿಸಿದರು. ಅಂದರೆ ಮರೆಯುವುದು ರೋಗವಲ್ಲ, ಎಲ್ಲರ ತಲೆಯೂ ನಡೆಯುವ ರೀತಿಯೇ ಅದು.

ಇನ್ನೊಂದು ಪ್ರಯೋಗ ಅಮೆರಿಕದ್ದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಪಾಠ ಮುಚ್ಚಿಟ್ಟು ನೆನಪಿದ್ದುದನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ನೂರಕ್ಕೆ 83ರಷ್ಟು ನೆನಪಿತ್ತು, ಇವರಿಗೆ 71. ಒಂದು ವಾರ ಬಿಟ್ಟು ನೋಡಿದಾಗ ತಕ್ಕಡಿ ತಿರುಗಿತ್ತು. ನಾಲ್ಕು ಸರದಿ ಓದಿದವರಲ್ಲಿ ಉಳಿದದ್ದು 40, ನೆನೆದು ಬರೆದವರಲ್ಲಿ 61. ಆದರೆ ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದವರು ಬರೀ ಓದಿದ ಗುಂಪಿನವರೇ!

ಭಟ್ಟಿಯ ಹುಡುಗಿಗೆ ಆದದ್ದೂ ಇದೇ. ಅದೇ ಪುಟವನ್ನು ಹತ್ತು ಸಲ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ. ಕಣ್ಣಿಗೆ ಗೊತ್ತಿರುವುದನ್ನೇ ತಲೆಗೂ ಗೊತ್ತಿದೆ ಎಂದುಕೊಳ್ಳುತ್ತೇವೆ. ಬೀದಿಯಲ್ಲಿ ದಿನಾ ಎದುರಾಗುವ ಮುಖದಂತೆ ಅದು. ಕಂಡರೆ ಗುರುತು ಸಿಗುತ್ತದೆ, ಹೆಸರು ಕೇಳಿದರೆ ಬಾಯಿ ಕಟ್ಟುತ್ತದೆ.

ಇನ್ನೊಂದು ತೊಡಕೂ ಇತ್ತು, ಅದು ಭಾಷೆಯದು. ಅವಳು ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಕನ್ನಡಕ್ಕೆ ಬಂದವಳು. ನಾನೂ ಹಾಗೆಯೇ ಬಂದವಳಾದ್ದರಿಂದ ಆ ಕಷ್ಟ ಬಲ್ಲೆ. ಉರ್ದುವಿನಲ್ಲಿ ‘ಜಿಯಾಯಿ ತಾಲೀಫ್’ ಎಂದು ಉರು ಹೊಡೆದದ್ದನ್ನು ಕನ್ನಡದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಮತ್ತೆ ಉರು ಹೊಡೆಯಬೇಕು. ಎರಡೂ ಮನೆಮಾತಲ್ಲ. ನನಗೆ ಆ ಪಾಠ ಹತ್ತಿದ್ದು ‘ಪತ್ತಾ ಧೂಪ್ ಮೇಂ ಅಪ್ನಾ ಖಾನಾ ಆಪಿಚ್ ಪಕಾಲೇತಾ’, ಎಲೆ ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂದು ಅಮ್ಮಿಗೆ ನಮ್ಮ ದಖ್ಖನಿಯಲ್ಲಿ ಹೇಳಿದ ದಿನ. ಅಮ್ಮಿ ಬಿಟ್ಟಾರೆಯೇ? ‘ಒಲೆ ಎಲ್ಲಿದೆ? ಉರಿ ಯಾವುದು? ನೀರು ಯಾರು ತಂದುಕೊಡ್ತಾರೆ?’ ಎಂದರು. ಒಲೆ ಎಲೆಯ ಹಸಿರು, ಉರಿ ಬಿಸಿಲು, ನೀರು ಬೇರಿನದು, ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್, ಆದ ಅಡುಗೆ ಸಕ್ಕರೆ, ಹೊರಗೆ ಬಿಡುವುದು ಆಮ್ಲಜನಕ. ಅರ್ಥ ಮನೆಮಾತಿನಲ್ಲಿ ಕೂತ ಮೇಲೆ ದೊಡ್ಡ ಹೆಸರು ಅದರ ಮೇಲೆ ತಾನಾಗಿ ನಿಂತಿತು. ಕುರ್‌ಆನ್‌ನ ಹಿಫ್ಜ್‌ಗೆ ಅಕ್ಷರ ಅಕ್ಷರವೂ ಉಳಿಯಬೇಕು. ವಿಜ್ಞಾನದ ಪಾಠಕ್ಕೆ ಅದು ಬೇಕಿಲ್ಲ, ಅಲ್ಲಿ ಅರ್ಥ ಉಳಿಯಬೇಕು. ಈ ವ್ಯತ್ಯಾಸ ತಿಳಿಯದೆ ಮಕ್ಕಳನ್ನು ಗಿಳಿ ಮಾಡಬಾರದು.

ಹುಡುಗಿಯ ತಾಯಿಗೆ ಹೇಳಿದೆ: “ಮಾತ್ರೆ ಬೇಡ. ದಿನಾ ರಾತ್ರಿ ರೊಟ್ಟಿ ಬೇಯಿಸುವಾಗ ಇವತ್ತೇನು ಓದಿದೆ ಅಂತ ಇವಳನ್ನು ಕೇಳಿ. ಪುಸ್ತಕ ಮುಚ್ಚಿಟ್ಟೇ ಹೇಳಬೇಕು.”

“ನನಗೇನು ಗೊತ್ತಾಗುತ್ತೆ ಆಪಾ? ಹೆಬ್ಬೆಟ್ಟು ಒತ್ತುವವಳು ನಾನು.”

“ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಿ. ನಿಮಗೆ ತಿಳಿಯೋ ಹಾಗೆ ಹೇಳೋದೇ ಅವಳ ಪರೀಕ್ಷೆ. ಮರುದಿನ ನಿನ್ನೆಯದನ್ನ ಕೇಳಿ, ಶುಕ್ರವಾರ ವಾರದ್ದೆಲ್ಲ ಕೇಳಿ.”

ಹುಡುಗಿಗೂ ಎರಡು ಮಾತು ಹೇಳಿದೆ. ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯಬೇಕು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದಕ್ಕೆ ಮಾತ್ರ ಗೆರೆ ಎಳೆಯಬೇಕು. ಆ ಪಾಠವನ್ನು ಮರುದಿನ, ಮೂರು ದಿನಕ್ಕೆ, ವಾರಕ್ಕೆ ಒಮ್ಮೆ ಹೀಗೆ ಮುಚ್ಚಿ ನೋಡಬೇಕು. ಹನ್ನೊಂದರವರೆಗೆ ತೂಕಡಿಸುತ್ತ ಕೂರುವುದು ಬೇಡ. ಹಗಲು ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು.

ಅವಳ ಬಿಳಿಚಿದ ಮುಖ ನೋಡಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಲೂ ಹೇಳಿದೆ. ಹಿಮೋಗ್ಲೋಬಿನ್ ಕಡಿಮೆಯೇ ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹರೆಯದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತು. ರಕ್ತ ಕಡಿಮೆಯಾದರೆ ಆಯಾಸ ಬೇಗ, ಗಮನ ನಿಲ್ಲುವುದು ಕಷ್ಟ. ಗಮನವೇ ನಿಲ್ಲದಿದ್ದರೆ ನೆನಪಿಗೆ ಹೋಗುವುದೇನು? ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಇವಳು ಕಿಟಕಿಯಾಚೆ ಎಸೆಯುತ್ತಿದ್ದಳಂತೆ. ಊಟದ ನಂತರ ನುಂಗಿದರೆ ಆ ತೊಂದರೆ ಕಡಿಮೆ. ನೆನಪಿನ ಸಿರಪ್ಪಿಗೆ ನೂರಾರು ರೂಪಾಯಿ ಸುರಿಯುವ ಮನೆಗಳಲ್ಲಿ ಪುಕ್ಕಟೆಯ ಈ ಮಾತ್ರೆಗೆ ಬೆಲೆಯಿಲ್ಲ.

ರಾಜ್ಯದಲ್ಲಿ ಆ ವರ್ಷದಿಂದ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಅವಳು ಜೂನ್‌ನ ಎರಡನೇ ಪರೀಕ್ಷೆ ಬರೆದಳು. ಸಮಾಜ ವಿಜ್ಞಾನ ಪಾಸಾಯಿತು, ವಿಜ್ಞಾನ ಉಳಿಯಿತು. ಅಬ್ಬಾ ಮತ್ತೆ ಹೊಲಿಗೆ ಮಷೀನಿನ ಮಾತೆತ್ತಿದರು. ಆಗ ತಾಯಿಯೇ ತಡೆದರಂತೆ: “ಎಲೆ ಅಡುಗೆ ಮಾಡೋದು, ರಕ್ತ ಗುಂಡಿಗೆಯಿಂದ ಹೋಗಿ ಬರೋದು ಎಲ್ಲ ನನಗೇ ಬಾಯಿಗೆ ಬಂದಿದೆ. ಇವಳಿಗೆ ಬರಲ್ವಾ? ಇನ್ನೊಂದು ಸಲ ಬರೀಲಿ.” ಮೂರನೇ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 41 ಬಂತು. ಪಿಯುಸಿಗೆ ಸೇರಿದಳು. 41 ದೊಡ್ಡ ಅಂಕವೇನಲ್ಲ, ಪತ್ರಿಕೆಯಲ್ಲಿ ಫೋಟೋ ಬರುವಂಥದ್ದಲ್ಲ. ಆದರೆ ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ನಂಬಿದ್ದ ಹುಡುಗಿ ಆ ನಂಬಿಕೆಯನ್ನು ಬಿಟ್ಟಳು.

ನಮ್ಮ ಸಮುದಾಯದಲ್ಲಿ ವಿದ್ಯಾರ್ಥಿವೇತನ, ಪುಸ್ತಕ, ಬ್ಯಾಗು ಹಂಚುವ ಸಂಘಗಳಿಗೆ ಕೊರತೆಯಿಲ್ಲ. ಅವು ಬೇಕೇ ಬೇಕು. ಜೊತೆಗೆ ಇಶಾಗೆ ಮುಂಚಿನ ಒಂದು ಗಂಟೆ, ಮೊಹಲ್ಲಾದ ಯಾವುದಾದರೂ ಜಗಲಿಯಲ್ಲಿ ಪಿಯುಸಿ ಓದುವವರು ಹತ್ತನೆಯವರನ್ನೂ, ಹತ್ತನೆಯವರು ಏಳನೆಯವರನ್ನೂ ಕೂರಿಸಿಕೊಂಡು ಪಾಠ ಕೇಳುವ ಏರ್ಪಾಟಾದರೆ ಅದಕ್ಕೆ ಚಂದಾ ಎತ್ತಬೇಕಿಲ್ಲ. ಕೇಳುವವನ ಪಾಠವೂ ಗಟ್ಟಿಯಾಗುತ್ತದೆ. ತಾಯಂದಿರೇ, ಬಾದಾಮಿ ಕೊಡಿ, ಅದು ಒಳ್ಳೆಯ ಆಹಾರ. ಅದನ್ನು ಮಗು ಅಗಿಯುತ್ತಿರುವಾಗ ‘ನಿನ್ನೆ ಏನೋ ಓದಿದೆಯಲ್ಲ, ಏನದು?’ ಎಂದು ಕೇಳಿ. ಉತ್ತರ ತಡವಾದರೆ ಬೈಯಬೇಡಿ. ಸ್ವಲ್ಪ ಕಾಯಿರಿ, ಅದು ಹುಡುಕುತ್ತಿರುತ್ತದೆ.