ಕಂಠವೇನೋ ಚೆನ್ನಾಗಿತ್ತು

ಒಳ್ಳೆಯ ಕಂಠದವರು ಓದಿ ಕೆಡಿಸಿದ ಪುಸ್ತಕಗಳೇ ನನಗೆ ಹೆಚ್ಚು ಬೇಸರ ತಂದಿವೆ. ಕಂಠ ಚೆನ್ನಾಗಿಲ್ಲದಿದ್ದರೆ ಐದು ನಿಮಿಷದಲ್ಲೇ ನಿಲ್ಲಿಸಿ ಅಚ್ಚಿನ ಪುಸ್ತಕ ಹುಡುಕುತ್ತೇನೆ. ಇಂಪಾಗಿದ್ದರೆ ಹಾಗಾಗುವುದಿಲ್ಲ. ಇನ್ನೇನು ಸರಿಹೋಗುತ್ತದೆ, ಮುಂದಿನ ಅಧ್ಯಾಯದಲ್ಲಿ ಕಥೆ ಕುದುರುತ್ತದೆ ಎಂದು ಕಾಯುತ್ತಲೇ ಇರುತ್ತೇನೆ. ಕೊನೆಗೆ ಕಿವಿಯಲ್ಲಿ ಉಳಿಯುವುದು ಆ ಕಂಠವೇ ಹೊರತು ಕಾದಂಬರಿಯಲ್ಲ.

ಕನ್ನಡದಲ್ಲಿ ಆಡಿಯೋ ಬುಕ್‌ಗಳು ಬರತೊಡಗಿದಾಗ ಹಿಗ್ಗಿದವರಲ್ಲಿ ನಾನೂ ಒಬ್ಬಳು. ಈಗಲೂ ಕೇಳುತ್ತೇನೆ, ಪರಿಚಯದವರಿಗೆ ಕೇಳಿ ಎಂದು ಹೇಳುತ್ತೇನೆ. ಆ ಪ್ರೀತಿಯಿಂದಲೇ ಈ ಮಾತು: ನಾನು ಕೇಳಿ ನಿರಾಶಳಾದ ಪುಸ್ತಕಗಳಲ್ಲಿ ಬಹುಪಾಲು ಸೋತದ್ದು ಓದುವವರು ಅವನ್ನು ಮೊದಲು ತಮಗಾಗಿ ಓದಿಕೊಳ್ಳದೆ ಮೈಕಿನ ಮುಂದೆ ಕೂತದ್ದರಿಂದ.

ಇದು ಗೊತ್ತಾಗುವುದು ವಾಕ್ಯದ ನಡುವೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಏನು ನಡೆಯಿತು, ನಡೆಯಲಿಲ್ಲ ಎಂಬುದೇ ತೀರ್ಮಾನವಾಗಿರುವುದಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರ ಮನಸ್ಸು ತನ್ನನ್ನು ತಾನೇ ಕೆದಕಿಕೊಳ್ಳುತ್ತ, ನೆನಪಿಗೆ ಹೊರಳುತ್ತ, ಮತ್ತೆ ಹಿಂದಿರುಗುತ್ತ ಸಾಗುವ ಭಾಗಗಳಿವೆ. ಅಂಥದ್ದನ್ನು ಗಟ್ಟಿಯಾಗಿ ಓದುವವರಿಗೆ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಮೊದಲ ಪದ ಉಚ್ಚರಿಸುವಾಗಲೇ ತಿಳಿದಿರಬೇಕು. ತಿಳಿಯದೆ ಓದಿದರೆ ಉಸಿರು ಮುಗಿದಲ್ಲಿ ನಿಲುಗಡೆ ಬೀಳುತ್ತದೆ, ಅರ್ಥ ಮುಗಿದಲ್ಲಲ್ಲ. ಅಚ್ಚಿನಲ್ಲಾದರೆ ನಾವು ಹಿಂದಿನ ಸಾಲಿಗೆ ಕಣ್ಣು ಹಾಯಿಸಿ ಸರಿಪಡಿಸಿಕೊಳ್ಳುತ್ತೇವೆ. ಕಿವಿಗೆ ಅಂಥ ಅನುಕೂಲವಿಲ್ಲ.

ಓದಿ ಕೇಳಿಸುವ ಈ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಸಾಲು ಮುಗಿದರೂ ಎಷ್ಟೋ ಕಡೆ ಪದ ಮುಗಿದಿರುವುದಿಲ್ಲ. ಅರ್ಧ ಪದ ಕೆಳಗಿನ ಸಾಲಿನಲ್ಲಿ ಕಾದಿರುತ್ತದೆ. ಗಮಕಿ ಅದನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿ, ಕೂಡಿಸಿ, ರಸಕ್ಕೊಪ್ಪುವ ರಾಗದಲ್ಲಿ ಕೇಳಿಸುತ್ತಾರೆ. ಪಕ್ಕದಲ್ಲಿ ವ್ಯಾಖ್ಯಾನಕಾರರೂ ಇರುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅದು ಓದಿ ಕೇಳಿಸುವ ಕಲೆಗೇ ಸಂದ ಗೌರವ ಎಂದು ನನಗನ್ನಿಸಿತ್ತು. ಷಟ್ಪದಿಗೆ ಇಷ್ಟು ಸಿದ್ಧತೆ ಮಾಡುವ ನಾಡಿನಲ್ಲಿ ಗದ್ಯವನ್ನು ಯಾರು ಬೇಕಾದರೂ ಹಾಗೇ ಓದಿಬಿಡಬಹುದು ಎಂಬ ಭಾವನೆ ಎಲ್ಲಿಂದ ಬಂತೋ.

ಆಡುಮಾತಿನ ವಿಷಯಕ್ಕೆ ಬಂದರೆ ನನ್ನ ಬೇಸರ ಇನ್ನೂ ಹೆಚ್ಚು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗಿನಿಂದಲೂ ಓದಲು ಕಷ್ಟ ಎನ್ನುವವರಿದ್ದಾರೆ. ನಂಜನಗೂಡು ಸೀಮೆಯ ಮಾತು ಬಲ್ಲವರು ಒಂದು ಪುಟ ಗಟ್ಟಿಯಾಗಿ ಓದಿಬಿಟ್ಟರೆ ಆ ಕಷ್ಟದ ಅರ್ಧ ಕರಗುತ್ತದೆ. ಅದರಲ್ಲಿ ದೀಪಗಳ ಜೋತಮ್ಮಗಳು ಸೇರಿ ಮಾತಾಡಿಕೊಳ್ಳುವುದು ಪಕ್ಕದ ಮನೆಯ ಮಾತಿನಷ್ಟು ಸಹಜವಾಗಿ ಕೇಳುತ್ತದೆ. ಆಡಿಯೋ ಬುಕ್ ಎಂಬುದು ನಿಜವಾಗಿ ಬೇಕಾಗಿರುವುದೇ ಇಂಥ ಪುಸ್ತಕಗಳಿಗೆ. ಆದರೆ ನಾನು ಕೇಳಿದ ಗ್ರಾಮೀಣ ಕಥೆಗಳಲ್ಲಿ ಮಂಡ್ಯದ ರೈತನೂ ಬೀದರಿನ ಕೂಲಿಯವಳೂ ಒಂದೇ ನಾಟಕದ ಹಳ್ಳಿ ಭಾಷೆ ಆಡಿದರು. ಒಂದು ಕಥೆಯಲ್ಲಂತೂ ಮುದುಕಿಯೊಬ್ಬಳ ಮಾತಿನಲ್ಲಿ ಲೇಖಕರು ‘ಬತ್ತೀನಿ’ ಎಂದು ಬರೆದಲ್ಲೆಲ್ಲ ಓದಿದವರು ‘ಬರುತ್ತೇನೆ’ ಎಂದು ತಿದ್ದಿದ್ದರು. ಆ ಮುದುಕಿ ನನಗೆ ಕಾಣಿಸಲೇ ಇಲ್ಲ.

ಹಿನ್ನೆಲೆ ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವು ಬಂದಾಗ ಕೊಳಲು, ಮಳೆ ಬಂದಾಗ ಮಳೆಯ ಸದ್ದು ಇನ್ನಾದರೂ ಸಾಕು. ಅತಿಯಾದ ಅಭಿನಯ ಮಾಡುವ ಹಾನಿ ಇದಕ್ಕಿಂತ ದೊಡ್ಡದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಕಾಫಿ ಹೌಸಿನಲ್ಲಿ ಕೂತ ನಿರೂಪಕ ತನ್ನ ಮನೆಯ ಕಥೆಯನ್ನು ಎಷ್ಟು ಸಮಾಧಾನದಿಂದ ಹೇಳುತ್ತಾನೆಂದರೆ, ಅವನು ಏನನ್ನು ಹೇಳುತ್ತಿಲ್ಲ ಎಂಬುದು ನಮ್ಮನ್ನು ನಿಧಾನವಾಗಿ ಆವರಿಸುತ್ತದೆ. ಅಂಥ ಬರಹವನ್ನು ಮೊದಲ ಪುಟದಿಂದಲೇ ನಡುಗುವ ದನಿಯಲ್ಲಿ ಓದಿದರೆ ಲೇಖಕರು ಮುಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣನ ವಿಷಯದಲ್ಲೂ ಅಷ್ಟೇ. ಅವನು ತಮಾಷೆಗೆಂದು ಏನೂ ಮಾಡುವುದಿಲ್ಲ, ತನ್ನ ಪಾಡಿಗೆ ಬದುಕುತ್ತಾನೆ, ನಗು ನಮ್ಮದು. ಓದುವವರೇ ಮೊದಲು ನಕ್ಕರೆ ನಮಗೆ ನಗಲು ಏನು ಉಳಿಯಿತು?

ಕೆಲವು ಪುಸ್ತಕಗಳನ್ನು ಹೇಳದೆ ಕೇಳದೆ ಮೊಟಕು ಮಾಡಿರುತ್ತಾರೆ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಇಷ್ಟು ಖಾರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಅಚ್ಚಿನ ಪುಸ್ತಕದ ದಾರಿ ತೆರೆದಿದೆ, ಎಲ್ಲರಿಗೂ ಇಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಅಂಧರಿಗಾಗಿ ಪುಸ್ತಕಗಳನ್ನು ಗ್ರಾಮಫೋನ್ ತಟ್ಟೆಗೆ ಇಳಿಸತೊಡಗಿದಾಗ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು 15 ನಿಮಿಷದ ಓದು. ಒಂದು ಕಾದಂಬರಿಗೆ ತಟ್ಟೆಗಳ ರಾಶಿಯೇ ಬೇಕಿತ್ತು, ಆದರೂ ಓದಿಸಿದರು. ನಮ್ಮಲ್ಲೂ ಕಣ್ಣು ಕಾಣದವರು, ಪೊರೆ ಬಂದ ಹಿರಿಯರು, ಮನೆಯಲ್ಲಿ ಕನ್ನಡ ಆಡುತ್ತ ಲಿಪಿ ಕಲಿಯದೆ ಹೊರದೇಶದಲ್ಲಿ ಬೆಳೆದ ಮಕ್ಕಳು ಇದ್ದಾರೆ. ಅವರ ಪಾಲಿಗೆ ಕೇಳಿದ್ದೇ ಪುಸ್ತಕ. ಅವರು ಬೇಸತ್ತು ನಿಲ್ಲಿಸಿದರೆ ತಪ್ಪು ಕಾದಂಬರಿಯದೇ ಎಂದುಕೊಳ್ಳುತ್ತಾರೆ.

ಈಚೆಗೆ ವಯಸ್ಸಾದ ಲೇಖಕರೊಬ್ಬರು ತಮ್ಮದೇ ಕಥೆ ಓದಿದ್ದನ್ನು ಕೇಳಿದೆ. ಕಂಠ ಒಡೆದಿತ್ತು, ನಡುವೆ ಹಾಳೆ ಮಗುಚುವ ಸದ್ದಿತ್ತು. ಆದರೆ ಯಾವ ಮಾತಿಗೆ ಎಷ್ಟು ತೂಕ ಎಂಬುದು ಅವರಿಗೆ ಗೊತ್ತಿತ್ತು. ಒಂದು ಪದವೂ ನನ್ನ ಕೈತಪ್ಪಲಿಲ್ಲ. ಹಾಗೆಯೇ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ತೀರ್ಥಹಳ್ಳಿ ಕಡೆಯ ಮಾತಿನಲ್ಲಿ ಹುಟ್ಟಿ ಬೆಳೆದವರೊಬ್ಬರು, ಪುಸ್ತಕವನ್ನು ಎರಡು ಸಲ ಓದಿಕೊಂಡು ಬಂದು, ಒಂದು ಸಾಲೂ ಬಿಡದೆ ಓದಬೇಕೆಂದು ನನ್ನ ಆಸೆ. ಅದು ಎಷ್ಟು ಗಂಟೆಯಾದರೂ ಆಗಲಿ, ಎಷ್ಟು ಬೆಲೆಯಾದರೂ ಇಡಲಿ, ಕೊಂಡು ಕೇಳುತ್ತೇನೆ.